ಉಯ್ಯಾಲೆಗೂ ಓದಿಗೂ ಏನು ನಂಟು? ಮಕ್ಕಳ ಇಂದ್ರಿಯಗಳ ಸುತ್ತ ಎದ್ದಿರುವ ಗೊಂದಲ

2020ರಲ್ಲಿ ಅಮೆರಿಕದಿಂದ ಒಂದು ದೊಡ್ಡ ವರದಿ ಬಂತು. ಆಟಿಸಂ ಇರುವ ಮಕ್ಕಳಿಗೆ ಯಾವ ಕ್ರಮಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ ಎಂದು ಹಲವು ವರ್ಷಗಳ ಸಂಶೋಧನೆಗಳನ್ನು ಜಾಲಾಡಿ, 28 ಕ್ರಮಗಳಿಗೆ ಸಾಕಷ್ಟು ಆಧಾರ ಇದೆ ಎಂದು ಅದು ಹೇಳಿತು. ಆ ಪಟ್ಟಿಯಲ್ಲಿ ಸೆನ್ಸರಿ ಇಂಟಿಗ್ರೇಷನ್ ಥೆರಪಿಯೂ ಇತ್ತು, ಅಂದರೆ ಉಯ್ಯಾಲೆ, ಚೆಂಡು ಮುಂತಾದವುಗಳ ಮೇಲೆ ಆಡಿಸಿ ಮಗುವಿನ ಇಂದ್ರಿಯಗಳ ಹೊಂದಾಣಿಕೆ ಸುಧಾರಿಸಲು ನೋಡುವ ಚಿಕಿತ್ಸೆ. ಎರಡೇ ವರ್ಷಕ್ಕೆ, 2022ರಲ್ಲಿ, ಬ್ರಿಟನ್ನಿನ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ ಆಟಿಸಂ ಇರುವ 138 ಮಕ್ಕಳಿದ್ದರು. ಅದೇ ಥೆರಪಿ ಪಡೆದ ಮಕ್ಕಳ ನಡವಳಿಕೆಯಲ್ಲಿ, ಮಾಮೂಲಿ ಆರೈಕೆ ಪಡೆದ ಮಕ್ಕಳಿಗಿಂತ ಹೆಚ್ಚಿನ ಸುಧಾರಣೆ ಕಾಣಲಿಲ್ಲ.

ಇಷ್ಟಕ್ಕೇ ಹೆತ್ತವರಿಗೆ ತಲೆ ಕೆಡುತ್ತದೆ. ಇದರ ಜೊತೆಗೆ ಇನ್ನೊಂದು ಮಾತೂ ಓಡಾಡುತ್ತಿದೆ. ಮಗುವಿಗೆ ಓದಲು ಕಷ್ಟವಾಗುತ್ತಿದ್ದರೆ ಅದರ ಇಂದ್ರಿಯಗಳು ಸರಿಯಾಗಿ ಹೊಂದಿಕೊಂಡಿಲ್ಲ, ಮೊದಲು ಅದನ್ನು ಸರಿಮಾಡಿಸಿ, ಓದು ತಾನಾಗಿ ಬರುತ್ತದೆ ಎನ್ನುವ ಮಾತು. ಮೇಲಿನ ಎರಡು ಸುದ್ದಿಗಳನ್ನೂ ಈ ಮಾತಿಗೆ ಪರ-ವಿರೋಧ ಸಾಕ್ಷಿಯಾಗಿ ಹಂಚಿಕೊಳ್ಳುವವರಿದ್ದಾರೆ. ಆದರೆ ಬ್ರಿಟನ್ನಿನ ಪ್ರಯೋಗ ಅಳೆಯಲು ಹೊರಟಿದ್ದು ಮುಖ್ಯವಾಗಿ ಮಕ್ಕಳ ಕಿರಿಕಿರಿ, ಸಿಡುಕು. ಓದಿನ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ. ಹಾಗಾಗಿ ಓದಿನ ಪ್ರಶ್ನೆಯನ್ನು ಬೇರೆಯಾಗಿಯೇ ನೋಡಬೇಕು.

ಒಂದೇ ಹೆಸರು, ಎರಡು ಸಂಗತಿ

ಗೊಂದಲದ ಬೇರು ಹೆಸರಿನಲ್ಲೇ ಇದೆ. 'ಇಂದ್ರಿಯಗಳ ಹೊಂದಾಣಿಕೆ' ಎಂಬ ಒಂದೇ ಮಾತನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಾರೆ.

ಮೊದಲನೆಯದು ಮೈಗೆ ಸಂಬಂಧಿಸಿದ್ದು. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ತಲೆ ಯಾವ ಕಡೆ ವಾಲಿತು, ಎಷ್ಟು ವೇಗವಾಗಿ ತಿರುಗಿತು ಎಂದು ಅವು ಮಿದುಳಿಗೆ ತಿಳಿಸುತ್ತವೆ. ಕೈಕಾಲು ಈಗ ಎಲ್ಲಿವೆ, ಎಷ್ಟು ಬಲ ಹಾಕುತ್ತಿವೆ ಎಂದು ಸ್ನಾಯು ಮತ್ತು ಕೀಲುಗಳು ಹೇಳುತ್ತವೆ. ಚರ್ಮ ಸ್ಪರ್ಶದ ಸುದ್ದಿ ತರುತ್ತದೆ. ಇವೆಲ್ಲ ಸೇರಿ ಮಗು ಬೀಳದೆ ಕೂರುತ್ತದೆ, ಗುಂಡಿ ಹಾಕಿಕೊಳ್ಳುತ್ತದೆ, ಗದ್ದಲದಲ್ಲೂ ತನ್ನ ಕೆಲಸದಲ್ಲಿ ಇರುತ್ತದೆ.

ಎರಡನೆಯದು ಕಣ್ಣು ಮತ್ತು ಕಿವಿಯ ಜೋಡಣೆ. ಪುಟದ ಮೇಲಿನ ಒಂದು ಗೆರೆಯಾಕೃತಿಯನ್ನು ನೋಡಿದ ಕೂಡಲೇ ಒಂದು ಉಲಿ ನೆನಪಿಗೆ ಬರಬೇಕು. 'ಕ' ಎಂಬ ಆಕಾರ ಕಂಡರೆ 'ಕ' ಎಂಬ ಸದ್ದು.

ಇಂದ್ರಿಯಗಳ ಹೊಂದಾಣಿಕೆ ಓದಿಗೆ ಮುಖ್ಯ ಎನ್ನುವುದು ನಿಜ. ಆದರೆ ಅದು ಈ ಎರಡನೆಯ ಅರ್ಥದಲ್ಲಿ ನಿಜ. ಆ ಸತ್ಯವನ್ನು ಮೊದಲನೆಯದಕ್ಕೆ ಸಾಕ್ಷಿಯಾಗಿ ತೋರಿಸಿದಾಗಲೇ ಎಡವಟ್ಟಾಗುವುದು.

ಏರ್ಸ್ ಅವರ ಯೋಚನೆ

ಸೆನ್ಸರಿ ಇಂಟಿಗ್ರೇಷನ್ ಸಿದ್ಧಾಂತವನ್ನು ಕಟ್ಟಿದವರು ಅಮೆರಿಕದ ಎ. ಜೀನ್ ಏರ್ಸ್. ಅವರು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) ಆಗಿದ್ದರು, ಶೈಕ್ಷಣಿಕ ಮನೋವಿಜ್ಞಾನವನ್ನೂ ಓದಿಕೊಂಡಿದ್ದರು. 1972ರಲ್ಲಿ ತಮ್ಮ ವಿಚಾರಗಳನ್ನು ಪುಸ್ತಕವಾಗಿ ತಂದರು. ಗಮನಿಸಬೇಕಾದ ಸಂಗತಿ ಏನೆಂದರೆ, ಅವರು ಹೊರಟಿದ್ದೇ ಕಲಿಕೆಯ ತೊಂದರೆಗಳಿಂದ. ಅಂದರೆ ಓದಿನ ಮಾತು ಈ ಥೆರಪಿಗೆ ಆಮೇಲೆ ಯಾರೋ ಅಂಟಿಸಿದ್ದಲ್ಲ, ಮೊದಲಿನಿಂದ ಇರುವಂಥದ್ದು.

ಅವರ ತರ್ಕ ಹೀಗಿತ್ತು. ಓದು, ಬರಹ, ಲೆಕ್ಕ ಇವೆಲ್ಲ ಮಿದುಳಿನ ಮೇಲಿನ ಪದರದ ಕೆಲಸ. ಆ ಪದರ ಕೆಳಗಿನ ಭಾಗಗಳನ್ನು ನಂಬಿ ಕೆಲಸ ಮಾಡುತ್ತದೆ. ಕೆಳಗೆ ಸಮತೋಲನ, ಸ್ಪರ್ಶ, ಚಲನೆಯ ಸುದ್ದಿ ಸರಿಯಾಗಿ ಕೂಡಿಕೊಳ್ಳದಿದ್ದರೆ ಮೇಲಿನ ಕೆಲಸ ತಡವರಿಸುತ್ತದೆ. ಆದ್ದರಿಂದ ಉಯ್ಯಾಲೆ, ಚಕ್ರದ ಹಲಗೆ, ದೊಡ್ಡ ಚೆಂಡು ಇವುಗಳ ಮೇಲೆ ಗುರಿಯಿಟ್ಟು ಆಡಿಸಿದರೆ ತಳ ಗಟ್ಟಿಯಾಗುತ್ತದೆ, ಕಲಿಕೆ ಸುಲಭವಾಗುತ್ತದೆ.

ಆ ಕಾಲಕ್ಕೆ ಇದು ಗೌರವ ಕೊಡಬೇಕಾದ ಊಹೆ. 'ದಡ್ಡ', 'ಸೋಮಾರಿ' ಎನಿಸಿಕೊಂಡಿದ್ದ ಮಕ್ಕಳ ಕಡೆಗೆ ತಿರುಗಿ, ಇವರ ಮೈಯಲ್ಲಿ ಏನೋ ಬೇರೆ ನಡೆಯುತ್ತಿದೆ, ಗಮನಿಸಿ ಎಂದು ಏರ್ಸ್ ಹೇಳಿದರು. ಶರ್ಟಿನ ಲೇಬಲ್ ಚುಚ್ಚುವುದು, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಹಟವಲ್ಲ ಎಂದು ಇವತ್ತು ನಾವು ಸಹಜವಾಗಿ ಒಪ್ಪುತ್ತೇವೆ. ಅದರಲ್ಲಿ ಅವರ ಪಾಲು ದೊಡ್ಡದು. ಆದರೆ ಊಹೆ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆ ಆಗಲೇಬೇಕು, ಅಲ್ವಾ?

ಓದುವಾಗ ತಲೆಯೊಳಗೆ ನಡೆಯುವುದು

ಮಾತು ಮಕ್ಕಳಿಗೆ ಕೇಳಿಸಿಕೊಂಡೇ ಬರುತ್ತದೆ. ಓದು ಹಾಗಲ್ಲ. ಬರಹ ಹುಟ್ಟಿ ಸುಮಾರು 5,000 ವರ್ಷವಾಗಿದೆ ಅಷ್ಟೇ. ಓದಿಗಾಗಿಯೇ ಮಿದುಳಿನಲ್ಲಿ ಒಂದು ಜಾಗ ಬೆಳೆದು ಬರಲು ಅಷ್ಟು ಕಾಲ ಸಾಲದು. ಹಾಗಾಗಿ ಪ್ರತಿ ಮಗುವೂ ಬೇರೆ ಕೆಲಸಕ್ಕಿರುವ ಭಾಗಗಳನ್ನು ಓದಿಗೆ ಹೊಸದಾಗಿ ಪಳಗಿಸಿಕೊಳ್ಳಬೇಕು. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್ ಇದನ್ನು ವಿವರವಾಗಿ ತೋರಿಸಿದ್ದಾರೆ. ಮಿದುಳಿನ ಎಡಭಾಗದಲ್ಲಿ, ಹಿಂದಕ್ಕೆ ಕೆಳಗೆ, ವಸ್ತುಗಳನ್ನು ಗುರುತಿಸುವ ಒಂದು ಜಾಗ ಇದೆ. ಓದು ಕಲಿಯುತ್ತಾ ಹೋದಂತೆ ಅದು ಅಕ್ಷರ ಗುರುತಿಸುವುದರಲ್ಲಿ ಪಳಗುತ್ತದೆ.

ಇಲ್ಲಿ ಒಂದು ಹೋಲಿಕೆ ನೋಡೋಣ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ಇಬ್ಬರು ಸಂಶೋಧಕರು ಒಂದು ಚೋದ್ಯ ತೋರಿಸಿದರು. ತೆರೆಯ ಮೇಲೆ ಒಬ್ಬರ ತುಟಿ 'ಗ' ಎನ್ನುತ್ತದೆ. ಅದಕ್ಕೆ 'ಬ' ಎಂಬ ದನಿ ಕೂಡಿಸಲಾಗಿದೆ. ನೋಡುವವರಲ್ಲಿ ಬಹಳ ಜನಕ್ಕೆ ಕೇಳಿಸುವುದು 'ಡ'. ಕಣ್ಣಿನ ಸುದ್ದಿ, ಕಿವಿಯ ಸುದ್ದಿ ಎರಡನ್ನೂ ಮಿದುಳು ತಾನೇ ಬೆರೆಸಿ ಮೂರನೆಯದನ್ನು ಕೇಳಿಸುತ್ತದೆ. ತುಟಿ ಮತ್ತು ದನಿ ಹುಟ್ಟಿದಾಗಿನಿಂದ ಜೊತೆಯಾಗಿಯೇ ಬಂದಿವೆ. ಆದ್ದರಿಂದ ಈ ಬೆರಕೆಗೆ ಪಾಠ ಬೇಕಿಲ್ಲ.

ಅಕ್ಷರ ಮತ್ತು ಉಲಿ ಹೀಗೆ ಜೊತೆಯಾಗಿ ಹುಟ್ಟಿದವಲ್ಲ. 'ಮ' ಎಂಬ ಆಕಾರದಲ್ಲಿ 'ಮ' ಎಂಬ ಸದ್ದು ಎಲ್ಲೂ ಅಡಗಿಲ್ಲ. ಜನ ಒಪ್ಪಿಕೊಂಡಿದ್ದಾರೆ, ಅಷ್ಟೇ. ಹಾಗಾಗಿ ಈ ಜೋಡಣೆಯನ್ನು ಯಾರಾದರೂ ಕಲಿಸಲೇಬೇಕು.

ಅದು ಎಷ್ಟು ನಿಧಾನದ ಕೆಲಸ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು ಅಳೆದಿದ್ದಾರೆ. 2004ರಲ್ಲಿ ಅವರು ಚೆನ್ನಾಗಿ ಓದಬಲ್ಲ ದೊಡ್ಡವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಅಕ್ಷರಕ್ಕೆ ಸರಿಯಾದ ಸದ್ದು ಜೊತೆಗಿದ್ದಾಗ ಮಿದುಳಿನ ಕೇಳುವ ಭಾಗ ಒಂದು ರೀತಿ ಸ್ಪಂದಿಸಿತು, ತಪ್ಪು ಸದ್ದು ಇದ್ದಾಗ ಇನ್ನೊಂದು ರೀತಿ. ಅಂದರೆ ಕಣ್ಣಿಗೆ ಕಂಡ ಅಕ್ಷರ ಕಿವಿಯ ಜಾಗದವರೆಗೂ ಹೋಗಿ ಮುಟ್ಟಿತ್ತು. ಆಮೇಲೆ, 2009ರಲ್ಲಿ, ಮಕ್ಕಳನ್ನು ನೋಡಿದರು. ಒಂದು ವರ್ಷ ಓದು ಕಲಿತ ಮಕ್ಕಳಿಗೆ ಎಲ್ಲ ಅಕ್ಷರ ಗೊತ್ತಿತ್ತು, ಕೇಳಿದರೆ ಸರಿಯಾಗಿ ಹೇಳುತ್ತಿದ್ದರು. ಆದರೆ ಆ ತಾನೇ ತಾನಾದ ಜೋಡಣೆ ಅವರಲ್ಲಿ ಇನ್ನೂ ಮೂಡಿರಲಿಲ್ಲ. ನಾಲ್ಕು ವರ್ಷ ಕಲಿತವರಲ್ಲಿ ಅದು ಕಾಣತೊಡಗಿತ್ತು, ಆದರೂ ದೊಡ್ಡವರಷ್ಟು ಚುರುಕಾಗಿರಲಿಲ್ಲ. ಡಿಸ್ಲೆಕ್ಸಿಯಾ (ಬುದ್ಧಿ ಚೆನ್ನಾಗಿದ್ದರೂ ಪದಗಳನ್ನು ಓದುವುದು ಕಷ್ಟವಾಗುವ ತೊಂದರೆ) ಇರುವವರಲ್ಲಿ ಈ ಜೋಡಣೆ ದುರ್ಬಲವಾಗಿರುತ್ತದೆ ಎಂದೂ ಅದೇ ಬಗೆಯ ಸಂಶೋಧನೆಗಳು ಹೇಳಿವೆ.

'ಅಕ್ಷರ ಎಲ್ಲ ಬರುತ್ತೆ, ಆದರೂ ಓದಲ್ಲ' ಎಂದು ಎಷ್ಟೋ ಹೆತ್ತವರು ಹೇಳುವುದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಗೊತ್ತಿರುವುದು ಬೇರೆ, ಯೋಚಿಸದೆಯೇ ಹೊಳೆಯುವುದು ಬೇರೆ. ಎರಡರ ನಡುವೆ ವರ್ಷಗಳ ದಾರಿ ಇದೆ.

ಕನ್ನಡ ಓದುವ ಮಗುವಿನ ಮುಂದೆ ಈ ಕೆಲಸ ಇನ್ನೂ ಜಾಸ್ತಿ. ಮೂಲಾಕ್ಷರ ಸುಮಾರು ಐವತ್ತಾದರೂ, ಕಾಗುಣಿತ, ಒತ್ತಕ್ಷರ ಸೇರಿ ಗುರುತಿಸಬೇಕಾದ ಆಕಾರಗಳು ನೂರಾರು. 'ಪ' ಮತ್ತು 'ಷ', 'ದ' ಮತ್ತು 'ಧ' ನಡುವೆ ಇರುವುದು ಒಂದು ಪುಟ್ಟ ಗೆರೆ. 'ಸೂರ್ಯ' ಎನ್ನುವಾಗ ಬಾಯಲ್ಲಿ 'ರ್' ಮೊದಲು, 'ಯ' ಆಮೇಲೆ. ಅರ್ಕಾವೊತ್ತಿನಲ್ಲಿ ಬರೆದರೆ ಕಣ್ಣಿಗೆ ಮೊದಲು ಸಿಗುವುದು 'ಯ', ಆಮೇಲೆ 'ರ್'. ಕಿವಿಯ ಸಾಲು ಒಂದು, ಕಣ್ಣಿನ ಸಾಲು ಇನ್ನೊಂದು. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಇಂಗ್ಲಿಷ್ ಅಕ್ಷರಮಾಲೆಗೆ ಹೋಲಿಸಿದರೆ ನಮ್ಮ ಅಕ್ಷರಗಳ ಕಲಿಕೆ ಹಲವು ತರಗತಿಗಳವರೆಗೆ ಮುಂದುವರಿಯುತ್ತದೆ. ಆದ್ದರಿಂದ ಮೂರನೇ ತರಗತಿಯಲ್ಲೂ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ನೋಡಿ ಒಮ್ಮೆಗೇ ಗಾಬರಿಯಾಗಬೇಕಿಲ್ಲ.

ಇದಕ್ಕೂ ಮೊದಲಿನ ಮೆಟ್ಟಿಲೊಂದಿದೆ. ಮಾತನ್ನು ಸದ್ದುಗಳಾಗಿ ಬಿಡಿಸಿ ಕೇಳುವ ಕಿವಿ ಬೇಕು. 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯುತ್ತದೆ? 'ಮರ'ದ ಮೊದಲ ಸದ್ದು 'ಮಳೆ'ಯಲ್ಲೂ ಇದೆಯಾ? ಇಂಥ ಆಟದಲ್ಲಿ ಮಗು ಎಷ್ಟು ಹಿಂದೆ ಬೀಳುತ್ತದೆ ಎನ್ನುವುದರಿಂದ, ಮುಂದೆ ಓದಿನಲ್ಲಿ ಕಷ್ಟಪಡುತ್ತದೆಯೇ ಎಂದು ಸಾಕಷ್ಟು ಮಟ್ಟಿಗೆ ಊಹಿಸಬಹುದು. ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರಿಂದ ಅಷ್ಟು ತಿಳಿಯುವುದಿಲ್ಲ.

ಕಣ್ಣು ತಡವರಿಸುವುದು ಯಾಕೆ?

ಥೆರಪಿಯ ಪರವಾಗಿ ಹೇಳುವವರಲ್ಲಿ ಒಂದು ಗಟ್ಟಿಯಾದ ವಾದ ಇದೆ. ತಲೆ ಅಲುಗಿದರೂ ನೋಟ ಒಂದೇ ಕಡೆ ನಿಲ್ಲುವಂತೆ ಮಾಡುವುದು ಒಳಕಿವಿಯ ಸಮತೋಲನ ವ್ಯವಸ್ಥೆ. ಓದುವಾಗ ಕಣ್ಣು ಸಾಲಿನ ಮೇಲೆ ನೆಗೆಯುತ್ತಾ ಹೋಗುತ್ತದೆ. ಪ್ರತಿ ನಿಲುಗಡೆ ಸರಿಸುಮಾರು ಕಾಲು ಸೆಕೆಂಡು. ಓದಲು ಕಷ್ಟಪಡುವ ಮಗುವಿನ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ, ಪದೇ ಪದೇ ಹಿಂದಕ್ಕೆ ಹೋಗುತ್ತದೆ. ಹಾಗಾದರೆ ಸಮತೋಲನ ಸರಿಯಾದರೆ ಕಣ್ಣು ಸರಿಯಾಗುತ್ತದೆ, ಕಣ್ಣು ಸರಿಯಾದರೆ ಓದು ಸರಿಯಾಗುತ್ತದೆ ಅಲ್ಲವೇ?

ಕೇಳಲು ಸರಿಯೆನಿಸುತ್ತದೆ. ಆದರೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಚೆನ್ನಾಗಿ ಓದುವವರಿಗೆ ತೀರಾ ಕಷ್ಟದ ಪಠ್ಯ ಕೊಟ್ಟರೆ ಅವರ ಕಣ್ಣೂ ಹಿಂದೆ ಮುಂದೆ ಓಡುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅದರ ಮಟ್ಟಕ್ಕೆ ತಕ್ಕ ಸುಲಭದ ಪಠ್ಯ ಕೊಟ್ಟರೆ ಕಣ್ಣಿನ ಓಡಾಟ ಮಾಮೂಲಿನಂತೆ ಆಗುತ್ತದೆ. ಅಷ್ಟೇ ಓದಬಲ್ಲ, ವಯಸ್ಸಿನಲ್ಲಿ ಚಿಕ್ಕವರಾದ ಮಕ್ಕಳ ಜೊತೆ ಹೋಲಿಸಿದರೆ ವ್ಯತ್ಯಾಸ ಬಹುತೇಕ ಉಳಿಯುವುದಿಲ್ಲ. ಪದ ಅರ್ಥವಾಗಲಿಲ್ಲ ಎಂದೇ ಕಣ್ಣು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡುತ್ತಿದೆ.

2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು ಒಟ್ಟಾಗಿ ಒಂದು ಹೇಳಿಕೆ ಕೊಟ್ಟವು. ಓದಿನ ತೊಂದರೆಗೆ ಕಣ್ಣಿನ ವ್ಯಾಯಾಮ, ಬಣ್ಣದ ಗಾಜು ಇವುಗಳಿಗೆ ವೈಜ್ಞಾನಿಕ ಆಧಾರ ಇಲ್ಲ ಎಂದವು. ದೃಷ್ಟಿದೋಷ ಇರುವ ಮಗುವಿಗೆ ಕನ್ನಡಕ ಬೇಕೇ ಬೇಕು, ಆ ಮಾತು ಬೇರೆ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಮೈಯ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಎಷ್ಟೋ ಮಕ್ಕಳು ಅಂಬೆಗಾಲಿಟ್ಟಿರುವುದಿಲ್ಲ, ಆಧಾರವಿಲ್ಲದೆ ಕೂರಲಾರರು. ಆದರೂ ಅವರಲ್ಲಿ ಅನೇಕರು ಚೆನ್ನಾಗಿ ಓದುತ್ತಾರೆ. ಕಾಣದ ಮಕ್ಕಳು ಬೆರಳಿನಿಂದ ಬ್ರೈಲ್ ಓದುತ್ತಾರೆ, ಆಗಲೂ ಅಕ್ಷರ ಗುರುತಿಸುವ ಅದೇ ಎಡಭಾಗದ ಜಾಗ ಎಚ್ಚರವಾಗುತ್ತದೆ. ಅದೇ ಹುಟ್ಟಿನಿಂದ ಕಿವಿ ಕೇಳಿಸದ, ಸಂಜ್ಞೆಯ ಭಾಷೆಯೂ ಬೇಗ ಸಿಗದ ಮಕ್ಕಳಿಗೆ ಕಣ್ಣು, ಕೈಕಾಲು ಎಲ್ಲ ಸರಿಯಿದ್ದರೂ ಓದು ತುಂಬ ಕಷ್ಟವಾಗುತ್ತದೆ. ಓದು ಎಲ್ಲಿ ನೆಲೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕೇ? ಅದು ಭಾಷೆಯಲ್ಲಿದೆ.

ಥೆರಪಿಯನ್ನು ಅಳೆದಾಗ

ಏರ್ಸ್ ಅವರ ಕಾಲದ ಅಧ್ಯಯನಗಳಲ್ಲಿ ಲಾಭ ಕಂಡಿತ್ತು. 1999ರಲ್ಲಿ ವರ್ಗಾಸ್ ಮತ್ತು ಕಮಿಲ್ಲಿ ಎಂಬುವರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಥೆರಪಿ ಪಡೆಯದ ಮಕ್ಕಳಿಗೆ ಹೋಲಿಸಿದಾಗ ಹಳೆಯ ಅಧ್ಯಯನಗಳಲ್ಲಿ ಲಾಭ ಇತ್ತು, ಹೊಸವುಗಳಲ್ಲಿ ಅದು ಬಹುತೇಕ ಸೊನ್ನೆ. ಇದರ ಆಧಾರದ ಮೇಲೆ ಓದಿಗಾಗಿ ಈ ಥೆರಪಿ ಎಂದು ಹೇಳುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ.

2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಎಚ್ಚರದ ಮಾತು ಹೇಳಿತು. 'ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್' (ಇಂದ್ರಿಯಗಳ ಸುದ್ದಿಯನ್ನು ಮಿದುಳು ನಿಭಾಯಿಸುವುದರಲ್ಲಿನ ತೊಂದರೆ) ಎಂಬುದನ್ನು ಪ್ರತ್ಯೇಕ ರೋಗನಿದಾನವಾಗಿ ಸಾಮಾನ್ಯವಾಗಿ ಬಳಸಬೇಡಿ, ಥೆರಪಿಯನ್ನು ಒಟ್ಟು ಯೋಜನೆಯ ಒಂದು ಭಾಗವಾಗಿ ಇಟ್ಟುಕೊಳ್ಳಬಹುದು, ಆದರೆ ಸಂಶೋಧನೆ ಸೀಮಿತ ಎಂದು ಹೆತ್ತವರಿಗೆ ತಿಳಿಸಿ ಎಂದಿತು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಬಳಸುವ 2013ರ ಡಿಎಸ್ಎಂ-5 ಕೈಪಿಡಿಯೂ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಲಿಲ್ಲ. ಆದರೆ ಆಟಿಸಂ ಲಕ್ಷಣಗಳಲ್ಲಿ ಸದ್ದು, ಸ್ಪರ್ಶಕ್ಕೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಸೇರಿಸಿತು. ಅಂದರೆ ಮಕ್ಕಳ ಆ ಅನುಭವ ನಿಜ ಎಂದು ಒಪ್ಪಿದೆ.

ಹಾಗಾದರೆ 2020 ಮತ್ತು 2022ರ ಸುದ್ದಿಗಳು ಒಂದಕ್ಕೊಂದು ತಾಳೆಯಾಗದಿರುವುದು ಯಾಕೆ? ಒಂದು ಕಾರಣ, ಏನನ್ನು ಅಳೆಯುತ್ತೇವೆ ಎನ್ನುವುದು. 2014ರಲ್ಲಿ 32 ಮಕ್ಕಳ ಒಂದು ಪ್ರಯೋಗದಲ್ಲಿ ಪ್ರತಿ ಮಗುವಿಗೂ ಮನೆಯವರ ಜೊತೆ ಸೇರಿ ಬೇರೆ ಬೇರೆ ಗುರಿ ಹಾಕಿಕೊಂಡಿದ್ದರು. ಆ ಗುರಿಗಳಲ್ಲಿ ಮಕ್ಕಳು ಮುಂದೆ ಹೋದರು. ಬ್ರಿಟನ್ನಿನವರು ಎಲ್ಲ ಮಕ್ಕಳಿಗೂ ಒಂದೇ ನಡವಳಿಕೆಯ ಅಳತೆ ಇಟ್ಟರು, ಅದು ಬದಲಾಗಲಿಲ್ಲ. ನಿರ್ದಿಷ್ಟ, ಸಣ್ಣ, ದಿನಬಳಕೆಯ ಗುರಿಗೆ ಈ ಥೆರಪಿಯಿಂದ ಸಹಾಯ ಆಗಬಹುದು, ಅದರಾಚೆಯ ದೊಡ್ಡ ಬದಲಾವಣೆಗೆ ಆಧಾರ ಇಲ್ಲ ಎಂದು ಓದಿಕೊಂಡರೆ ಎರಡೂ ಹೊಂದುತ್ತವೆ.

ಮೈಯಿಂದ ಓದಿಗೆ ದಾರಿ ಹುಡುಕಿದ್ದು ಇದೊಂದೇ ಅಲ್ಲ. ದೊಡ್ಡ ಮಕ್ಕಳನ್ನು ಮತ್ತೆ ಅಂಬೆಗಾಲಿಡಿಸಿ ಮಿದುಳು ಸರಿಮಾಡುತ್ತೇವೆ ಎಂದ ಡೋಮನ್-ಡೆಲಕಾಟೊ ಕ್ರಮದ ಬಗ್ಗೆ ಅದೇ ಮಕ್ಕಳ ವೈದ್ಯರ ಅಕಾಡೆಮಿ 1982ರಲ್ಲಿ, ಮತ್ತೆ 1999ರಲ್ಲಿ ಎಚ್ಚರಿಸಬೇಕಾಯಿತು. ಬ್ರಿಟನ್ನಿನಲ್ಲಿ ಅಲುಗುವ ಹಲಗೆಯ ಮೇಲೆ ನಿಲ್ಲಿಸಿ, ಪುಟ್ಟ ಚೀಲ ಎಸೆಸಿ ಹಿಡಿಸಿ ಡಿಸ್ಲೆಕ್ಸಿಯಾ ಗುಣಪಡಿಸುತ್ತೇವೆ ಎಂದ ಡೋರ್ ಕಾರ್ಯಕ್ರಮವನ್ನು ನಡೆಸುತ್ತಿದ್ದ ಕಂಪನಿ 2008ರಲ್ಲಿ ದಿವಾಳಿಯಂಚಿಗೆ ಬಂದು ಮುಚ್ಚಿತು. ಎಷ್ಟೋ ಕುಟುಂಬಗಳು ಅಷ್ಟರಲ್ಲಿ ಹಣವನ್ನೂ, ಮಕ್ಕಳ ತಿಂಗಳುಗಳನ್ನೂ ಕೊಟ್ಟಿದ್ದವು.

ಬೆರಳಿಂದ ತಿದ್ದಿದರೆ?

ಇಲ್ಲಿ ಮೈಗೂ ಓದಿಗೂ ನಿಜವಾದ ಒಂದು ನಂಟು ಸಿಗುತ್ತದೆ. ಆದರೆ ಅದು ಅಕ್ಷರದ ಮೂಲಕವೇ ಸಿಗುತ್ತದೆ.

2012ರಲ್ಲಿ ಜೇಮ್ಸ್ ಮತ್ತು ಎಂಗಲ್‌ಹಾರ್ಟ್ ಎಂಬ ಸಂಶೋಧಕರು ಇನ್ನೂ ಓದಲು ಬಾರದ ಪುಟ್ಟ ಮಕ್ಕಳಿಗೆ ಅಕ್ಷರಗಳನ್ನು ಮೂರು ರೀತಿ ಕಲಿಸಿದರು. ಕೈಯಿಂದ ಬರೆಸಿದರು, ಗೆರೆಯ ಮೇಲೆ ತಿದ್ದಿಸಿದರು, ಕೀಲಿ ಒತ್ತಿಸಿದರು. ಆಮೇಲೆ ಸ್ಕ್ಯಾನ್ ಮಾಡಿದಾಗ, ತಾವೇ ಬರೆದು ಕಲಿತ ಅಕ್ಷರಗಳನ್ನು ನೋಡುವಾಗ ಮಿದುಳಿನ ಓದಿನ ಜಾಗಗಳು ಎಚ್ಚರವಾದವು. ಮಕ್ಕಳು ಸೊಟ್ಟಪಟ್ಟ ಬರೆಯುತ್ತಾರಲ್ಲ, ಅದರಿಂದಲೇ ಲಾಭ ಎಂಬುದು ಅವರ ವಿವರಣೆ. ಒಂದೇ ಅಕ್ಷರದ ಹತ್ತು ರೂಪ ಕಂಡ ಮಗುವಿಗೆ ಅದರ ತಿರುಳು ಏನೆಂದು ತಿಳಿಯುತ್ತದೆ.

ಹಾಗೆಂದು ನೋಡು, ಕೇಳು, ಮುಟ್ಟು ಎಲ್ಲ ಸೇರಿಸಿದ ಕೂಡಲೇ ಪವಾಡ ಆಗುವುದಿಲ್ಲ. 1930ರ ದಶಕದಲ್ಲಿ ರೂಪುಗೊಂಡ ಆರ್ಟನ್-ಗಿಲಿಂಗ್‌ಹ್ಯಾಮ್ ಪದ್ಧತಿ ಈ ಬಗೆಯದು, ತುಂಬ ಹೆಸರು ಮಾಡಿದೆ. 2021ರಲ್ಲಿ ಅದರ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಲಾಭದ ಕಡೆಗೆ ವಾಲಿದ್ದರೂ ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಆ ಪದ್ಧತಿಯಲ್ಲಿ ಕೆಲಸ ಮಾಡುತ್ತಿರುವುದು ಸದ್ದು ಮತ್ತು ಅಕ್ಷರವನ್ನು ಬಿಡಿಸಿ, ಕ್ರಮವಾಗಿ, ಮತ್ತೆ ಮತ್ತೆ ಕಲಿಸುವ ಭಾಗ ಎಂದು ನನಗನಿಸುತ್ತದೆ. ಮರಳಿನ ಮೇಲೆ ಬರೆಯುವುದು ಮಗುವಿಗೆ ಖುಷಿ ಕೊಟ್ಟರೆ ಬರೆಸಿ. ಆದರೆ ಬರೆಯುವಾಗ ಬಾಯಲ್ಲಿ ಆ ಸದ್ದು ಇರಲಿ.

ಅಂಥ ಪಾಠ ಎಷ್ಟು ಬೇಗ ನಾಟುತ್ತದೆ ಎನ್ನುವುದು ಆಶ್ಚರ್ಯ ಹುಟ್ಟಿಸುವಂತಿದೆ. 2010ರ ಒಂದು ಅಧ್ಯಯನದಲ್ಲಿ ಇನ್ನೂ ಓದಲು ಬಾರದ ಮಕ್ಕಳು ಎಂಟು ವಾರಗಳಲ್ಲಿ ಒಟ್ಟು ನಾಲ್ಕು ಗಂಟೆಗೂ ಕಡಿಮೆ ಹೊತ್ತು ಅಕ್ಷರ-ಸದ್ದು ಜೋಡಿಸುವ ಕಂಪ್ಯೂಟರ್ ಆಟ ಆಡಿದರು. ಅಷ್ಟಕ್ಕೇ ಅವರ ಮಿದುಳು ಅಕ್ಷರಗಳಿಗೆ ಬೇರೆ ರೀತಿ ಸ್ಪಂದಿಸತೊಡಗಿತ್ತು.

ಎರಡೂ ಕಡೆಯ ನಷ್ಟ

ಥೆರಪಿಯಿಂದಲೇ ಓದು ಬರುತ್ತದೆ ಎಂದು ನಂಬಿದರೆ ಮೊದಲು ಹೋಗುವುದು ಸಮಯ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಮೊದಲ ಒಂದೆರಡು ತರಗತಿಗಳಲ್ಲಿ ಸಹಾಯ ಸಿಕ್ಕಿದರೆ ಬರುವ ಫಲ, ಮೂರ್ನಾಲ್ಕು ವರ್ಷ ತಡವಾಗಿ ಸಿಕ್ಕಿದರೆ ಬರುವುದಿಲ್ಲ. ಓದದ ಮಗು ಓದುವುದನ್ನೇ ತಪ್ಪಿಸಿಕೊಳ್ಳುತ್ತದೆ. ಕಡಿಮೆ ಓದಿದರೆ ಜೋಡಣೆ ಗಟ್ಟಿಯಾಗುವುದಿಲ್ಲ, ಪದಗಳ ಪರಿಚಯವೂ ಕುಗ್ಗುತ್ತದೆ. ಅದರಿಂದ ಓದು ಇನ್ನೂ ಕಷ್ಟವಾಗುತ್ತದೆ. ಹೀಗೆ ಸುಮ್ನೆ ಕಾದ ಒಂದೊಂದು ವರ್ಷವೂ ಅಂತರ ಹೆಚ್ಚಿಸುತ್ತದೆ.

ಇಂದ್ರಿಯಗಳ ಮಾತನ್ನು ಪೂರ್ತಿ ತಳ್ಳಿಹಾಕುವುದರಿಂದಲೂ ನಷ್ಟ ಇದೆ. ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಪಕ್ಕದವರ ಮೊಣಕೈ ತಗುಲುವುದು ಇವುಗಳಿಂದಲೇ ದಣಿಯುವ ಮಗುವಿಗೆ ಎಷ್ಟು ಒಳ್ಳೆಯ ಅಕ್ಷರಪಾಠವೂ ತಲುಪುವುದಿಲ್ಲ. ಅದಕ್ಕೆ ಶಾಂತ ಮೂಲೆ, ಆಗಾಗ ಎದ್ದು ಓಡಾಡುವ ಅವಕಾಶ, ಪಾದ ನೆಲಕ್ಕೆ ತಾಗುವ ಕುರ್ಚಿ ಬೇಕು. ಪೆನ್ಸಿಲ್ ಹಿಡಿಯಲು, ಬಟ್ಟೆ ಹಾಕಿಕೊಳ್ಳಲು ಕಷ್ಟಪಡುವ ಮಗುವಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಮಾಡುವ ಸಹಾಯವನ್ನು ಓದಿನ ಪಾಠ ಮಾಡಲಾರದು. ಪದೇ ಪದೇ ಕಿವಿ ಸೋರುವ ಮಗುವಿನ ಶ್ರವಣ ಪರೀಕ್ಷೆ ಮಾಡಿಸದೆ ಅದಕ್ಕೆ ಗಮನ ಇಲ್ಲ ಎನ್ನುವುದಂತೂ ಅನ್ಯಾಯ.

ಎರಡೂ ತೊಂದರೆ ಒಂದೇ ಮಗುವಿನಲ್ಲಿ ಇರಬಹುದು. ಆಗ ಎರಡೂ ಸಹಾಯ ಬೇಕು. ಥೆರಪಿ ಶುರುಮಾಡುವವರನ್ನು ನೇರವಾಗಿ ಕೇಳಿ: ಮೂರು ತಿಂಗಳಲ್ಲಿ ಯಾವುದು ಬದಲಾಗಬೇಕು, ಅದನ್ನು ಹೇಗೆ ಅಳೆಯುತ್ತೀರಿ? 'ಊಟಕ್ಕೆ ಇಪ್ಪತ್ತು ನಿಮಿಷ ಕೂರುತ್ತಾನೆ' ಎಂಬುದು ಅಳೆಯಬಹುದಾದ ಉತ್ತರ. 'ಮಿದುಳು ಓದಿಗೆ ಸಿದ್ಧವಾಗುತ್ತದೆ' ಎಂಬುದನ್ನು ಅಳೆಯಲು ಬರುವುದಿಲ್ಲ. ಇನ್ನು ವೇಳೆಯ ವಿಷಯ. ಥೆರಪಿಗೆಂದು ಮಗುವನ್ನು ತರಗತಿಯಿಂದ ಕರೆದುಕೊಂಡು ಹೋಗುವುದಾದರೆ, ಅದು ಅಕ್ಷರ ಮತ್ತು ಓದಿನ ಪಾಠದ ಹೊತ್ತು ಆಗಿರದಂತೆ ನೋಡಿಕೊಳ್ಳಿ.